ಬಲಗೈ ಗೇರಿನ ಬೆಂಟ್ಲಿ

2025ರ ಫೆಬ್ರುವರಿ 3, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸೇಡಂ ಠಾಣೆಗೆ ಬಂದ ಬಸವಂತರಾಯ ಕುರ್ಚಿಯಲ್ಲಿ ಕೂರುವ ಮೊದಲೇ ತನ್ನ ಕಾರು ಕಳುವಾಗಿದೆ ಎಂದ. ಅವನು ಹಾಸುಗಲ್ಲಿನ ವ್ಯಾಪಾರಿ, ವಯಸ್ಸು ಐವತ್ತೆಂಟು. ಹಿಂದಿನ ದಿನ ಮನೆಮಂದಿಯೆಲ್ಲ ಕಲಬುರಗಿಗೆ ಮದುವೆಗೆ ಹೋಗಿ ಸಂಜೆ ಮರಳಿದಾಗ ಹಿತ್ತಲಿನ ಶೆಡ್ಡು ಖಾಲಿಯಿತ್ತು.

"ಯಾವ ಕಾರು?" ಇನ್ಸ್‌ಪೆಕ್ಟರ್ ಭಾಗ್ಯಜ್ಯೋತಿ ಕೇಳಿದರು.

"ಬೆಂಟ್ಲಿರಿ. ಐವತ್ಮೂರರ ಮಾಡೆಲ್. ಇಂಗ್ಲೆಂಡಿನದು."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅಣವೀರ ತಲೆಯೆತ್ತಿದ. "ಅಂಥಾ ಗಾಡಿ ಸೇಡಂದಾಗ ಅದಾ?"

"ನಿನ್ನಿ ಮುಂಜಾನಿ ತನಕ ಇತ್ತು."

ಶಹಾಬಾದಿನಲ್ಲಿ ಕೆಲಸಕ್ಕಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಬಸವಂತರಾಯನ ತಂದೆಗೆ ಅದನ್ನು ಮಾರಿ ಹೋಗಿದ್ದ. ತಂದೆ ತೀರಿದ ಮೇಲೆ ಆಸ್ತಿ ಪಾಲಾದಾಗ ಕಾರು ಮಗನಿಗೆ ಬಂತು.

"ಓಡ್ತಿತ್ತೇನು?"

"ಇಲ್ರಿ. ಅಪ್ಪ ಹೋದ ಮ್ಯಾಲ ಒಮ್ಮಿನೂ ಚಾಲೂ ಆಗಿಲ್ಲ. ಲಾರಿಗಿ ಎತ್ತಿ ಹಾಕ್ಕೊಂಡೇ ಹೋಗಿರಬೇಕು."

ಅವನು ಮೊಬೈಲಿನಲ್ಲಿ ಫೋಟೊ ತೋರಿಸಿದ. ಕಡು ಹಸಿರು ಬಣ್ಣ, ಉದ್ದನೆಯ ಬಾನೆಟ್ಟು, ಮುಂದೆ ಬೆಳ್ಳಿಯಂತೆ ಹೊಳೆಯುವ ಜಾಲರಿ. ಭಾಗ್ಯಜ್ಯೋತಿ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಮೇಲ್ಚಾವಣಿಯ ಸುತ್ತ ಸೀಮೆಸುಣ್ಣದಲ್ಲಿ ಎಳೆದ ಗೆರೆಯಿತ್ತು.

"ಈ ಗೆರಿ ಏನು?"

"ಅಲ್ಲಿಂದ ಮ್ಯಾಲಿಂದು ಕತ್ತರಿಸೋದಿತ್ರಿ. ಮದುವಿ ಮೆರವಣಿಗಿಗೆ ಬಾಡಿಗಿ ಕೊಡಬೇಕಂತ ಮಾಡೀನಿ. ಮದುಮಗ ಕುಂತಿದ್ದು ಮಂದಿಗೆ ಕಾಣಬೇಕಲ್ರಿ. ಬುಧವಾರ ಹೈದರಾಬಾದಿನ ಕೆಲಸದವರು ಬರೋರಿದ್ರು."

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಕಳವಿನ ಎಫ್‌ಐಆರ್ ದಾಖಲಾಯಿತು. ಸುತ್ತಲಿನ ಠಾಣೆಗಳಿಗೆ ಕಾರಿನ ಚಿತ್ರ ಹೋಯಿತು. ಅರ್ಧ ಗಂಟೆಯಲ್ಲೇ ಚಿಂಚೋಳಿ ಕಡೆಯಿಂದ ಫೋನು ಬಂತು. ಸುಲೇಪೇಟದ ಬಳಿ ತಾಡಪತ್ರಿ ಹೊದಿಸಿದ ದೊಡ್ಡದೇನನ್ನೋ ಹೊತ್ತ ಲಾರಿಯೊಂದು ನಿಂತಿದೆಯಂತೆ. ಅಣವೀರ ಜೀಪು ಹತ್ತಿ ಹೋದ. ಸುಲೇಪೇಟದ ಸಂತೆಯ ಬದಿಯಲ್ಲಿ ಲಾರಿಯ ಹಗ್ಗ ಬಿಚ್ಚಿಸಿ ನೋಡಿದರೆ ಒಳಗಿದ್ದದ್ದು ತೊಗರಿ ರಾಶಿ ಮಾಡುವ ಯಂತ್ರ.

ಅಷ್ಟರಲ್ಲಿ ಭಾಗ್ಯಜ್ಯೋತಿ ಶೆಡ್ಡಿನಲ್ಲಿ ಪಂಚನಾಮೆ ನಡೆಸುತ್ತಿದ್ದರು. ಬೀಗ ಒಡೆದಿರಲಿಲ್ಲ. ಮಹಿಳಾ ಕಾನ್‌ಸ್ಟೆಬಲ್ ನಜಮುನ್ನೀಸಾ ಮೊಣಕಾಲೂರಿ ಹಾಸುಗಲ್ಲಿನ ಮೇಲಿನ ಎಣ್ಣೆಯ ಕಲೆ ಮುಟ್ಟಿದಳು. ಬೆರಳಿಗೆ ಹೊಸ ಎಣ್ಣೆ ಹತ್ತಿತು. ಮೂಲೆಯಲ್ಲಿ ಪೆಟ್ರೋಲಿನ ವಾಸನೆ ಇನ್ನೂ ಉಳಿದಿತ್ತು. ಬಾಗಿಲಿನಿಂದ ರಸ್ತೆಯವರೆಗೆ ಒಂದೇ ಗಾಡಿಯ ಚಕ್ರದ ಗುರುತು.

"ಲಾರಿ ಒಳಗ ಬಂದೇ ಇಲ್ಲ ಮೇಡಂ," ಎಂದಳು ಅವಳು. "ಗಾಡಿ ತಾನೇ ಓಡಿ ಹೋಗ್ಯಾದ."

ಓಡಿದ್ದರೆ ಜನ ನೋಡಿರಲೇಬೇಕು. ಇಬ್ಬರೂ ರಸ್ತೆಗುಂಟ ಕೇಳುತ್ತ ಹೊರಟರು. ನೋಡಿದವರು ಒಬ್ಬಿಬ್ಬರಲ್ಲ. ಕಾರು ಹಾಡಹಗಲೇ ಹೋಗಿತ್ತು. ಯಾರದೋ ಮದುವೆಗಿರಬೇಕೆಂದು ಎಲ್ಲರೂ ತಿಳಿದಿದ್ದರು. ಬಸ್ಸಿಗೆ ಕಾಯುತ್ತಿದ್ದವರು ಎದ್ದು ನಿಂತು ದಾರಿ ಬಿಟ್ಟಿದ್ದರು. ಯಾಕೆ ಎದ್ದಿರಿ ಎಂದು ಕೇಳಿದರೆ ಒಬ್ಬ ಮುದುಕ, "ಹಂಗ ನಿಂತು ನೋಡಬೇಕು ಅನಿಸ್ತರಿ," ಎಂದ.

ಹೋಗುವಾಗ ಕಾರು ಮಳಖೇಡದ ಪೆಟ್ರೋಲ್ ಪಂಪಿನಲ್ಲಿ ನಿಂತು ಪೆಟ್ರೋಲು ಹಾಕಿಸಿಕೊಂಡಿತ್ತು. ಅಲ್ಲಿನ ನೌಕರ ಮಹೇಶಕುಮಾರ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದ. ಚಿತ್ರದಲ್ಲಿ ಅವನ ನಗುಮುಖವಿತ್ತು, ಬಾನೆಟ್ಟಿತ್ತು, ಓಡಿಸುತ್ತಿದ್ದವರು ಕಾಣುತ್ತಿರಲಿಲ್ಲ.

"ಓಡಿಸವ್ರು ಹೆಂಗಿದ್ರು?"

"ತಲಿಗಿ ಟೊಪಗಿ, ಮಾರಿಗಿ ಮಫ್ಲರ್ ಇತ್ರಿ. ಮಾತಾಡ್ಲಿಲ್ಲ. ಸಾಕು ಅಂತ ಕೈ ಮಾಡಿದ್ರು."

"ಮತ್ತೇನು ನೋಡಿದ್ರಿ?"

ಅವನು ನೆನಪಿಸಿಕೊಂಡ. "ಹೊಂಟಾಗ ಬಲಗೈ ಬಾಗಲ ಕಡಿ ಕೆಳಗ ಹೋಗ್ತಿತ್ತು. ಎಡಗೈ ಸ್ಟೇರಿಂಗ್ ಬಿಡ್ಲಿಲ್ಲ. ಏನರೆ ಬಿದ್ದದ್ದು ಹುಡುಕಾಕತ್ತಾರ ಅನ್ಕೊಂಡೆ."

ಭಾಗ್ಯಜ್ಯೋತಿ ಆ ಮಾತನ್ನೇ ಯೋಚಿಸುತ್ತ ಸೇಡಂಗೆ ಮರಳಿದರು. ಬಸವಂತರಾಯ ಪಡಸಾಲೆಯಲ್ಲಿ ಕೂತಿದ್ದ. ಅವನ ಹೆಂಡತಿ ಬಸ್ಸಮ್ಮ ಚಹಾ ತಂದಿಟ್ಟಳು.

"ಆ ಗಾಡಿದು ಗೇರು ಎಲ್ಲಿರ್ತದ?"

"ಬಲಕ್ಕರಿ, ಬಾಗಲದ ಹಂತ್ಯಾಕ. ಎಲ್ಲರಿಗೂ ಬರಂಗಿಲ್ಲ ಅದು. ನಾ ಒಮ್ಮೆ ಗ್ವಾಡಿಗಿ ಹೊಡದೆ, ಅಪ್ಪ ಮತ್ತ ಮುಟ್ಟಗೊಡಲಿಲ್ಲ."

"ಮತ್ತ ಯಾರಿಗಿ ಕಲಿಸಿದ್ರು?"

ಬಸವಂತರಾಯ ಚಹಾದ ಬಟ್ಟಲು ಕೆಳಗಿಟ್ಟ. "ಅಕ್ಕಗ," ಎಂದ. "ರತ್ನಾಬಾಯಿ. ಶಹಾಬಾದದಾಗ ಇರ್ತಾಳ. ಕಾಲೇಜಿನಾಗ ಫಿಸಿಕ್ಸ್ ಹೇಳ್ತಿದ್ಲು, ಈಗ ರಿಟೈರ್ ಆಗ್ಯಾಳ."

"ಇಲ್ಲಿಗಿ ಬರ್ತಾರೇನು?"

"ವಾರಾ ವಾರಾ ಬರ್ತಾರ," ಬಸ್ಸಮ್ಮ ನಡುವೆ ಹೇಳಿದಳು. "ಇವರು ಕಲ್ಲಿನ ಖಣಿಗಿ ಹೋದಾಗ. ಅಪ್ಪನ ಗಾಡಿ ಒರಸಿ ಹೋಗ್ತೀನಿ ಅಂತಾರ. ವಾಡಿ ಗ್ಯಾರೇಜಿನ ಕಾಶಪ್ಪ ಮಿಸ್ತ್ರಿನೂ ಜೋಡಿ ಬರ್ತಾನ."

ಗಂಡ ಅವಳತ್ತ ತಿರುಗಿದ. "ನನಗ್ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಮರುದಿನ ಮಂಗಳವಾರ ಭಾಗ್ಯಜ್ಯೋತಿ, ಅಣವೀರ, ನಜಮುನ್ನೀಸಾ ಚಿತ್ತಾಪುರದ ಮೂಲಕ ವಾಡಿಗೆ ಹೋದರು. ಕಾಶಪ್ಪ ಗ್ಯಾರೇಜಿನಲ್ಲೇ ಸಿಕ್ಕ. ಹೆದರಿದ್ದ, ಆದರೆ ಏನನ್ನೂ ಮುಚ್ಚಿಡಲಿಲ್ಲ. ಕಾರು ರತ್ನಾಬಾಯಿಯದೇ ಎಂದು ನಂಬಿ ಅವನು ಅದರ ದುರಸ್ತಿಗೆ ಕೈಹಾಕಿದ್ದ. ಅಂಥ ಕಾರುಗಳನ್ನಿಟ್ಟುಕೊಂಡ ಇಂಗ್ಲೆಂಡಿನವರ ಒಂದು ಸಂಘಕ್ಕೆ ಆಕೆ ಮೊಬೈಲಿನಲ್ಲೇ ಪ್ರಶ್ನೆ ಕೇಳುತ್ತಿದ್ದರು. ಎಲ್ಲಿಯದೋ ಊರಿನ ಮುದುಕರು ಚಿತ್ರ ಬರೆದು ಉತ್ತರ ಕಳಿಸುತ್ತಿದ್ದರು. ಸಾಮಾನು ಅಂಚೆಯಲ್ಲಿ ಬರುತ್ತಿತ್ತು.

"ಚಾಲೂ ಆದಾಗ ಏನಂದ್ರು?" ನಜಮುನ್ನೀಸಾ ಕೇಳಿದಳು. ಅದು ತನಿಖೆಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಬಾನೆಟ್ ಮ್ಯಾಲ ಕೈ ಇಟ್ಟು ನಿಂತ್ರು. ಅದಕ್ಕ ಸಪ್ಪಳ ಇರಂಗಿಲ್ಲ. ಕೈ ಇಟ್ರನೇ ಚಾಲೂ ಆಗ್ಯಾದಂತ ತಿಳೀತದ."

ಶಹಾಬಾದಿನ ಮನೆಯ ಗೇಟು ತೆರೆದೇ ಇತ್ತು. ಅಂಗಳದ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಅದನ್ನು ಮುಚ್ಚಿಟ್ಟಿರಲಿಲ್ಲ. ಸುಣ್ಣದ ಗೆರೆ ಅಳಿಸಿಹೋಗಿತ್ತು. ಅರವತ್ತು ದಾಟಿದ ಎತ್ತರದ ಹೆಂಗಸು ಹೊರಗೆ ಬಂದರು.

"ಬರ್ರಿ. ನಿನ್ನಿನೇ ಬರ್ತೀರಿ ಅನ್ಕೊಂಡಿದ್ದೆ."

"ಈ ಕಾರು ನೀವೇ ತಂದ್ರೇನು?"

"ಹೌದು. ಅಪ್ಪನ ಹಂತ್ಯಾಕ ಇನ್ನೊಂದು ಬೀಗದಕೈ ಇತ್ತು, ಅದನ್ನ ನಾ ಇಟ್ಕೊಂಡಿದ್ದೆ."

"ತಮ್ಮಗ ಕೇಳಿದ್ರೇನು?"

"ಕತ್ತರಿಸಬ್ಯಾಡ, ನನಗ ಕೊಡು ಅಂದೆ. ನೀ ಇದನ್ನ ಇಟ್ಕೊಂಡು ಏನ್ಮಾಡ್ತಿ ಅಂತ ನಕ್ಕ."

ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಆಯಿತು. ತೊಡಕಾದದ್ದು ಆಮೇಲೆ, ಕಾರನ್ನು ಠಾಣೆಗೆ ಒಯ್ಯುವಾಗ. ಕ್ರೇನಿನ ಕೊಕ್ಕೆ ಹಾಕಿದರೆ ಮುಂಭಾಗ ಬಾಗುತ್ತಿತ್ತು. ಅಣವೀರ ಒಳಗೆ ಕೂತು ಗೇರು ಹಾಕಲು ನೋಡಿದ. ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಭಾಗ್ಯಜ್ಯೋತಿ ಮೇಲಧಿಕಾರಿಗೆ ಫೋನು ಮಾಡಿ ಅನುಮತಿ ಪಡೆದರು. ಕೊನೆಗೆ ಆರೋಪಿಯೇ ಕಾರನ್ನು ಸೇಡಂವರೆಗೆ ಓಡಿಸುವುದೆಂದಾಯಿತು. ಪಕ್ಕದಲ್ಲಿ ಇನ್ಸ್‌ಪೆಕ್ಟರ್, ಹಿಂದಿನ ಸೀಟಿನಲ್ಲಿ ನಜಮುನ್ನೀಸಾ, ಬೆನ್ನಿಗೆ ಜೀಪು.

ಚರ್ಮದ ಸೀಟು ಬಿಸಿಲಿಗೆ ಕಾದು ಹಳೆಯ ಪೆಟ್ಟಿಗೆಯಂಥ ವಾಸನೆ ಬೀರುತ್ತಿತ್ತು. ಎದುರಿನ ಮರದ ಫಲಕದಲ್ಲಿ ಗೆರೆಗಳು ನೀರಿನ ಹಾಗೆ ಹರಿದಿದ್ದವು. ವಾಡಿಯ ಕೆಟ್ಟ ರಸ್ತೆಯ ಕುಣಿಗಳು ಒಳಗೆ ಗೊತ್ತೇ ಆಗಲಿಲ್ಲ. ಭಾಗ್ಯಜ್ಯೋತಿ ತಮಗರಿವಿಲ್ಲದೆ ನೆಟ್ಟಗೆ ಕೂತಿದ್ದರು.

"ಏನದರಿ ಇದರಾಗ?" ಕೇಳಿದರು. "ಇದಕ್ಕಿಂತ ಚಲೋ ಕಾರು ಈಗ ಎಷ್ಟೋ ಬರ್ತಾವ."

ರತ್ನಾಬಾಯಿ ಬಲಗೈಯಿಂದ ಗೇರು ಬದಲಿಸಿದರು. ಸದ್ದೇ ಆಗಲಿಲ್ಲ.

"ಚಲೋ ಬರ್ತಾವ. ಆದ್ರ ಇದನ್ನ ಮಾಡಿದವರು ಅವಸರದಾಗ ಇರ್ಲಿಲ್ಲ. ಬಾಗಲ ಮುಚ್ಚಿದ್ರೂ ತಿಳೀತದ." ಇನ್ನೊಂದು ಗೇರು ಹಾಕಿ ಮುಂದುವರಿಸಿದರು. "ಹತ್ತೊಂಬತ್ತು ವರ್ಷದಾಕಿಗಿ ಅಪ್ಪ ಕಲಿಸಿದ್ರು. ಒಂದು ವರ್ಷ ಇದರಾಗೇ ಕಾಲೇಜಿಗಿ ಹೋದೆ. ಮದುವ್ಯಾದ ಮ್ಯಾಲ ನಮ್ಮ ಮನಿಯವರು, ಹೆಣ್ಣುಮಕ್ಕಳು ಓಡಿಸಬಾರದು ಅಂದ್ರು. ಅವರು ತೀರೋ ತನಕ ಹಿಂದಿನ ಸೀಟಿನಾಗ ಕುಂತೆ. ಭಾನುವಾರ ಮಳಖೇಡ ದಾಟಿದಾಗ ಕೈ ಏನೂ ಮರತಿರ್ಲಿಲ್ಲ ನೋಡ್ರಿ."

ಸಂಜೆ ಐದಕ್ಕೆ ಠಾಣೆ ತಲುಪಿದರು. ಶಿಕ್ಷೆ ಏಳು ವರ್ಷ ಮೀರದ ಅಪರಾಧವಾದ್ದರಿಂದ ನೋಟಿಸ್ ಕೊಟ್ಟು ಬಿಡಲು ಅವಕಾಶವಿತ್ತು. ಭಾಗ್ಯಜ್ಯೋತಿ ಅದನ್ನೇ ಹೇಳಿದರು.

"ಬಿಟ್ರ ಮತ್ತ ಹೋಗಿ ತರ್ತೀನಿ," ಎಂದರು ರತ್ನಾಬಾಯಿ. "ಹಂಗಂತ ಬರಕೊಳ್ರಿ."

ಇನ್ಸ್‌ಪೆಕ್ಟರ್ ಅವರ ಮುಖ ನೋಡಿದರು. ಮತ್ತೆ ಅದೇ ಅಪರಾಧ ಮಾಡುತ್ತೇನೆ ಎನ್ನುವವರನ್ನು ನೋಟಿಸ್ ಕೊಟ್ಟು ಬಿಡುವಂತಿರಲಿಲ್ಲ. ಸೂರ್ಯ ಮುಳುಗುವ ಮೊದಲೇ ನಜಮುನ್ನೀಸಾ ಬಂಧನದ ಕಾಗದಕ್ಕೆ ಸಹಿ ಮಾಡಿಸಿಕೊಂಡಳು.

ಬುಧವಾರ ನ್ಯಾಯಾಧೀಶರು ರತ್ನಾಬಾಯಿಗೆ ಜಾಮೀನು ಕೊಟ್ಟರು. ಅದೇ ದಿನ ಬಸವಂತರಾಯ ಕಾರು ಬಿಡಿಸಿಕೊಳ್ಳಲು ಅರ್ಜಿ ಹಾಕಿದ. ಸಂಜೆಯೊಳಗೆ ಕೋರ್ಟು ಒಪ್ಪಿತು. ಆದರೆ ಇಂಥ ಪ್ರಕರಣಗಳಲ್ಲಿ ಹಾಕುವ ಷರತ್ತನ್ನೇ ಹಾಕಿತು. ಅದರಂತೆ ವಿಚಾರಣೆ ಮುಗಿಯುವವರೆಗೆ ವಾಹನವನ್ನು ಮಾರಬಾರದು, ಅದರ ರೂಪ ಬದಲಿಸಬಾರದು.

ಆದೇಶ ಓದಿ ಅಣವೀರ ಇನ್ಸ್‌ಪೆಕ್ಟರ್ ಕೋಣೆಗೆ ಬಂದ. "ಮೇಡಂ, ಆ ಬಾಯಿಯವರಿಗಿ ಈ ಷರತ್ತು ಬೀಳ್ತದಂತ ಮೊದಲೇ ಗೊತ್ತಿತ್ತೇನ್ರಿ? ಅದಕ್ಕ ಗೇಟ್ ತೆರದು ಕುಂತಿದ್ರೇನು?"

"ಕೇಳ್ಲಿಲ್ಲ ನಾ," ಎಂದರು ಭಾಗ್ಯಜ್ಯೋತಿ. "ವಿಚಾರಣಿ ಮುಗೀಲಿಕ್ಕಿ ಎಷ್ಟು ದಿನ ಹಿಡೀತದ?"

"ನಮ್ಮ ಕಡಿ ಕೇಸು... ವರ್ಷಗಟ್ಟಲೆ ನಡೀತಾವ್ರಿ."

ಕಿಟಕಿಯಾಚೆ, ಠಾಣೆಯ ಅಂಗಳದಲ್ಲಿ, ಕಾರು ಕತ್ತರಿಸಲು ಬಂದಿದ್ದ ಹೈದರಾಬಾದಿನ ಕೆಲಸದವರು ತಮ್ಮ ಕತ್ತರಿಸುವ ಯಂತ್ರವನ್ನು ಟೆಂಪೊಗೆ ಮರಳಿ ಏರಿಸುತ್ತಿದ್ದರು. ಒಬ್ಬ ಆ ಕೆಲಸ ಬಿಟ್ಟು ಕಾರಿನ ಬಳಿ ಬಂದು, ಕೈಯನ್ನು ಅಂಗಿಗೆ ಒರೆಸಿಕೊಂಡು, ಅದರ ಮೇಲ್ಚಾವಣಿಯನ್ನು ಮೆಲ್ಲಗೆ ಮುಟ್ಟಿ ನೋಡುತ್ತಿದ್ದ.