ಗೌನಿನ ಗಂಟು

ಸಂಜಯನ ಮುಖಕ್ಕಿಂತ ಅವನ ಬೆನ್ನೇ ಗೌತಮಿಗೆ ಹೆಚ್ಚು ಪರಿಚಯ.

ಎರಡು ಸಾವಿರದ ಒಂಬತ್ತರ ಮಳೆಗಾಲ. ಹಂದಿಜ್ವರ ಹಾಸನಕ್ಕೂ ಬಂತೆಂದು ಊರಿಗೆ ಊರೇ ಮೂಗಿಗೆ ಕರ್ಚೀಫು ಕಟ್ಟಿಕೊಂಡಿತ್ತು. ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಅವಳ ಮೊದಲ ದಿನ. ಮಾಸ್ಕು, ಟೋಪಿ ಹಾಕಿಕೊಂಡ ಎತ್ತರದ ನರ್ಸೊಬ್ಬ ಎದುರಿಗೆ ಬಂದವನೇ, ನಮಸ್ಕಾರವಿಲ್ಲ ಹೆಸರಿಲ್ಲ, ಬೆನ್ನು ತಿರುಗಿಸಿ ನಿಂತುಬಿಟ್ಟ.

"ಕಟ್ರಿ."

"ಏನು?"

"ಗೌನು ಕಣ್ರೀ. ಹಿಂದ್ಗಡೆ ದಾರ ಐತಲ್ಲ."

ಎಂಥ ಒರಟ ಎಂದುಕೊಂಡಳು. ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಸರಸ ನಿಯಮ ಹೇಳಿಕೊಟ್ಟರು. ಆ ದಾರವನ್ನು ತಾನೇ ಕಟ್ಟಿಕೊಳ್ಳಲಾಗದು, ತಾನೇ ಬಿಚ್ಚಿಕೊಳ್ಳಲೂ ಬಾರದು. ಬಿಚ್ಚಲು ಹೋದರೆ ಗೌನಿನ ಸೋಂಕು ಮುಖಕ್ಕೆ ತಾಗುತ್ತದೆ. ಅದಕ್ಕೇ ಇಬ್ಬಿಬ್ಬರದು ಒಂದು ಜೋಡಿ. ಒಬ್ಬರಿಗೊಬ್ಬರು ಕಟ್ಟಬೇಕು, ಒಬ್ಬರಿಗೊಬ್ಬರು ಬಿಚ್ಚಬೇಕು.

ಹಾಗೆ ದಿನಾ ಬೆಳಿಗ್ಗೆ ಅವನು ಬೆನ್ನು ಕೊಡುತ್ತಿದ್ದ, ಅವಳು ಕಟ್ಟುತ್ತಿದ್ದಳು. ಅವನ ಕುತ್ತಿಗೆಯಲ್ಲಿ ಎಳ್ಳಿನಷ್ಟು ಮಚ್ಚೆ. ಅವಳ ಬೆರಳು ಅಪ್ಪಿತಪ್ಪಿ ತಾಗಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಅಪ್ಪಿತಪ್ಪಿ ತಾಗುವುದು ಬರಬರುತ್ತಾ ಹೆಚ್ಚಾಯಿತು ಎಂಬುದನ್ನು ಇಬ್ಬರೂ ಬಲ್ಲರು, ಇಬ್ಬರೂ ಹೇಳಲಿಲ್ಲ.

ಗೌತಮಿ ಹೊಳೆನರಸೀಪುರದ ಅರ್ಚಕರ ಮನೆಯ ಮಗಳು. ಮಾತು ಕಲಿಯುವ ಮೊದಲೇ ದೇವರಿಗೆ ಹೂ ಕಟ್ಟಲು ಕಲಿತವಳು. ಎಷ್ಟು ಎಳೆದಾಡಿದರೂ ಸಡಿಲವಾಗದ ಗಂಟು ಅವಳದು. ಗೌನಿಗೂ ಅದೇ ಬೀಳುತ್ತಿತ್ತು. ಡ್ಯೂಟಿ ಮುಗಿದ ಮೇಲೆ ಅದನ್ನು ಬಿಚ್ಚಲು ಅವಳೇ ಒದ್ದಾಡಬೇಕು.

"ಗೌನ್ ಕಟ್ಟಿದ್ರೋ, ದೇವ್ರಿಗೆ ಮಾಲೆ ಕಟ್ಟಿದ್ರೋ?" ಎಂದು ಅವನು ಗೋಡೆಗೆ ಹೇಳುವವನಂತೆ ಹೇಳುತ್ತಿದ್ದ.

"ಅಲ್ಲಾಡಬೇಡಿ. ದೇವರು ಇಷ್ಟು ಮಾತಾಡಲ್ಲ."

ಸರಸ ಸಿಸ್ಟರ್ ಒಂದು ದಿನ ಗದರಿಸಿದರು. "ಗೌತಮಿ, ಜಾರುಗಂಟು ಹಾಕಮ್ಮ. ಎಳೆದರೆ ಬಿಚ್ಚಿಕೊಳ್ಳಬೇಕು." ಸಂಜಯ ನಡುವೆ ಬಾಯಿ ಹಾಕಿದ. "ಇರ್ಲಿ ಬಿಡಿ ಸಿಸ್ಟರ್, ನಂಗೆ ಅಭ್ಯಾಸ ಆಗೈತೆ." ಸಿಸ್ಟರಿಗೆ ನೂರೆಂಟು ಕೆಲಸ, ಮಾತು ಅಲ್ಲಿಗೇ ನಿಂತಿತು.

ಆ ದಿನಗಳಲ್ಲಿ ಯಾರಿಗೆ ತಾನೇ ಪುರುಸೊತ್ತಿತ್ತು? ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ಬರೀ ಸೀನು ಬಂದವರೂ ಉಸಿರು ಕಟ್ಟಿದವರೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದರು. ನರ್ಸುಗಳಲ್ಲಿ ಅರ್ಧ ಜನ ರಜೆ ಹಾಕಿದ್ದರು, ಉಳಿದವರಿಗೆ ಎರಡೆರಡು ಪಾಳಿ. ಮಾಸ್ಕು ತೆಗೆದರೆ ಇನ್ನೊಂದು ಸಿಗದು, ಹಾಗಾಗಿ ನೀರು ಕುಡಿಯುವಂತಿಲ್ಲ. "ನಮ್ ಹೈದಂಗೆ ಮಾತ್ರೆ ಕೊಡ್ದೆ ಹೋದ್ರೆ ಸುಮ್ನಿರಲ್ಲ ಕಣಮ್ಮ" ಎಂದು ಒಬ್ಬ ಟ್ರೇಯನ್ನೇ ತಳ್ಳಿದ. ರೂಮಿಗೆ ಹೋದರೆ ಮನೆ ಓನರಮ್ಮ ಗೌತಮಿಯ ಬಕೆಟ್ಟು, ಚೊಂಬು ಎಲ್ಲ ಬಾಗಿಲಾಚೆ ಇಟ್ಟಿದ್ದರು. ಹೆದರಿದವರಿಗೆ ಕರುಣೆ ಎಲ್ಲಿಂದ ಬರಬೇಕು? ಅವಳು ತುಟಿ ಕಚ್ಚಿಕೊಂಡು ಬಕೆಟ್ಟು ಒಳಗಿಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಅವಳ ಗೌನು ಕಟ್ಟುತ್ತಾ ಸಂಜಯ ಕೇಳಿದ, "ಅತ್ತಿದ್ರಾ?"

"ಹಿಂದಿನಿಂದ ನೋಡಿ ಹೇಗೆ ಗೊತ್ತಾಯ್ತು?"

"ಭುಜ ಇಳಿದೈತೆ."

ಅಷ್ಟೇ ಮಾತು. ಅವಳು ಥಟ್ಟನೆ ಕೆಲಸಕ್ಕೆ ಓಡಿದಳು.

ಆವತ್ತೇ ಕೊರವಂಗಲದ ತುಂಬು ಬಸುರಿಯೊಬ್ಬಳು ಬಂದಳು. ತುಟಿ ನೀಲಿಯಾಗಿತ್ತು. ಡಾಕ್ಟರು ಗಂಟಲಿಗೆ ನಳಿಗೆ ಇಳಿಸುವಾಗ ಸಂಜಯ ಅವಳ ತಲೆ ಹಿಡಿದು ನಿಂತಿದ್ದ. ಒಂದು ಕೆಮ್ಮು ಬಂತು. ಕಫ, ರಕ್ತ ಎಲ್ಲ ಅವನ ಗೌನಿನ ಮೇಲೆ. ನಳಿಗೆ ಇಳಿಯುವ ತನಕ ಅವನು ಕೈ ಬಿಡಲಿಲ್ಲ. ಇಳಿದ ಮೇಲೆ ದೂರ ಸರಿದು ಕೂಗಿದ, "ಗೌತಮಿ, ಬಂದು ಬಿಚ್ರಿ!"

ಅವಳು ಪಕ್ಕದ ಮಂಚದಲ್ಲಿ ಮುದುಕರೊಬ್ಬರ ಎದೆ ಒತ್ತುತ್ತಿದ್ದಳು. ಬಿಟ್ಟು ಬರುವಂತಿಲ್ಲ. "ಬಂದೆ, ಬಂದೆ" ಎಂದಳು. ಒದ್ದೆ ಗೌನು ಅವನ ಮೈಗೆ ಅಂಟುತ್ತಿತ್ತು. ಅವನು ಕೈ ಹಿಂದಕ್ಕೆ ಹಾಕಿ ದಾರ ಎಳೆದ. ಬಿಚ್ಚಲಿಲ್ಲ. ಕಿತ್ತ, ಹರಿಯಲಿಲ್ಲ. ಕೊನೆಗೆ ಗೌನನ್ನು ತಲೆಯ ಮೇಲಿಂದಲೇ ಎಳೆದುಬಿಟ್ಟ. ಅದರ ಜೊತೆಗೇ ಮಾಸ್ಕೂ ಬಂತು.

ಮೊದಲ ಸಲ ಅವಳು ಅವನ ಪೂರ್ತಿ ಮುಖ ನೋಡಿದ್ದು ಆಗ. ಎಷ್ಟು ದಿನದಿಂದ ಊಹಿಸಿಕೊಂಡ ಮುಖ, ಎಳೆ ಮೀಸೆ, ಗಲ್ಲದಲ್ಲಿ ಸಣ್ಣ ಗುಳಿ. ಚೆಂದವಿದ್ದಾನೆ ಎನಿಸಿತು. ಮರುಕ್ಷಣವೇ ಆ ಕೆನ್ನೆಯ ಮೇಲೆ ಗೌನಿನ ಒದ್ದೆ ಕಂಡಿತು.

ವಾರ ತುಂಬುವ ಮೊದಲೇ ಅವನಿಗೆ ಜ್ವರ ಬಂತು.

ಒಂಟಿ ರೂಮಿನಲ್ಲಿ ಮಲಗಿಸಿ, ಗಂಟಲ ದ್ರವ ಬೆಂಗಳೂರಿಗೆ ಕಳಿಸಿದರು. ಬಂದ ಉತ್ತರ ಎಲ್ಲರೂ ಹೆದರಿದ್ದೇ. ಹೇಗಾಯಿತೆಂದು ಸರಸ ಸಿಸ್ಟರ್ ಕೇಳಿದಾಗ ಸಂಜಯ, "ನಾನೇ ಆತುರ ಬಿದ್ದೆ" ಎಂದನಂತೆ. ಆ ಮಾತು ಗೌತಮಿಯನ್ನು ಇನ್ನಷ್ಟು ಕೊಂದಿತು. ಅವನು ಸುಳ್ಳು ಹೇಳಿದ್ದು ಯಾರಿಗಾಗಿ ಎಂದು ಅವಳೊಬ್ಬಳಿಗೇ ಗೊತ್ತು.

ಚನ್ನರಾಯಪಟ್ಟಣದ ಕಡೆಯ ಹಳ್ಳಿಯಿಂದ ಅವನ ತಾಯಿ ನಂಜಮ್ಮ ಬಂದರು. ಒಳಗೆ ಬಿಡುವಂತಿಲ್ಲ. ಕಿಟಕಿಯಾಚೆ ರಾಗಿಗಂಜಿಯ ಫ್ಲಾಸ್ಕು ಹಿಡಿದು ನಿಂತೇ ಇದ್ದರು.

"ನೀನೇನವ್ವಾ ಗಂಟ್ ಆಕೋಳು?" ಎಂದರು ಗೌತಮಿಯನ್ನು ಕಂಡು. "ಪೋನ್ ಮಾಡ್ದಾಗೆಲ್ಲಾ ನಿಂದೇ ಕತೆ ಯೋಳ್ತಿದ್ದ ಕಣವ್ವ. ನಮ್ ಊರ್ ಎತ್ತೂ ಬಿಚ್ಕಣಕ್ಕಾಗಲ್ಲ, ಅಂಗೆ ಕಟ್ತಾಳೆ ಅಂತ ನಗೋನು. ನೀನ್ ನೋಡ್ಕತಿದ್ದೀಯಲ್ಲ, ನಂಗೇನೂ ಭಯ ಇಲ್ಲ."

ಗೌತಮಿ ಫ್ಲಾಸ್ಕು ಇಸಿದುಕೊಂಡಳು. ಅದೇ ಹೊತ್ತಿಗೆ ಅಪ್ಪನ ಫೋನು.

"ಕೆಲಸ ಬಿಟ್ಟು ಬಂದುಬಿಡಮ್ಮ" ಎಂದರು ವರದರಾಜ ಅರ್ಚಕರು. "ಮೈಸೂರಿನ ಸಂಬಂಧದವರು ಭಾನುವಾರ ನೋಡೋಕೆ ಬರ್ತಾರೆ."

"ಅಪ್ಪ, ಬರಬೇಡಿ ಅಂತ ಹೇಳಿಬಿಡಿ ಅವರಿಗೆ. ಇಲ್ಲೊಬ್ಬರಿಗೆ ಜ್ವರ. ಅವರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ಅಪ್ಪ ಫೋನಿಟ್ಟುಬಿಟ್ಟರು.

ಸಂಜೆಯೊಳಗೆ ಸಂಜಯನ ಉಸಿರು ಹತೋಟಿಗೆ ಬರದಿದ್ದರೆ ಬೆಂಗಳೂರಿಗೆ ಸಾಗಿಸಬೇಕು, ದಾರಿಯಲ್ಲಿ ಏನೂ ಆಗಬಹುದು ಎಂದು ಡಾಕ್ಟರು ಹೇಳಿ ಹೋದರು. ಗೌತಮಿ ಗೌನು ತೊಟ್ಟು ಒಳಗೆ ಹೋದಳು. ಆಕ್ಸಿಜನ್ ಮಾಸ್ಕು ಹಾಕಿದ್ದರೂ ಅವನ ಎದೆ ಕಮ್ಮಾರನ ತಿದಿಯಂತೆ ಏಳುತ್ತಿತ್ತು. ತಪ್ಪು ತನ್ನದೆಂದು ಹೇಳದೆ ಇದ್ದರೆ ಅವನು ಎಂದೂ ದೂರುವವನಲ್ಲ. ಹೇಳಿದರೆ ಮತ್ತೆಂದೂ ಅವಳಿಗೆ ಬೆನ್ನು ಕೊಡಲಿಕ್ಕಿಲ್ಲ. ಆದರೂ ಹೇಳದೆ ಇರಲಾಗಲಿಲ್ಲ.

"ಸಂಜಯ್, ನೀವು ಆತುರ ಬಿದ್ದದ್ದಲ್ಲ. ನನ್ನ ಗಂಟು. ಸಿಸ್ಟರ್ ಹೇಳಿದ್ರೂ ನಾನು ಬದಲಾಯಿಸಲಿಲ್ಲ. ನಿಮಗೆ ಈ ಗತಿ ತಂದವಳು ನಾನು."

ಅವನು ಕಣ್ಣು ಬಿಟ್ಟ. "ಕೊರವಂಗಲದ ಹೆಣ್ಮಗಳು?"

"ಉಳಿದಳು. ಮಗುನೂ ಚೆನ್ನಾಗಿದೆ."

ಅವನ ಹಣೆಯ ಗೆರೆ ಸಡಿಲವಾಯಿತು. ಒಂದೊಂದೇ ಮಾತು, ನಡುನಡುವೆ ಉಸಿರು.

"ತಪ್ಪು ನಿಮ್ಮೊಬ್ರದೇ ಅಲ್ಲ. ಜಾರುಗಂಟು ಹಾಕು ಅಂದಾಗ... ಬೇಡ ಅಂದೋನು ನಾನೇ ಅಲ್ವಾ?"

"ಯಾಕೆ ಅಂದ್ರಿ?"

"ಬಿಚ್ಚಕ್ಕೆ ಹೊತ್ತು ಹಿಡೀತಿತ್ತಲ್ಲ." ಅವನ ಕಿವಿ ಕೆಂಪಾಯಿತು, ಜ್ವರವೋ ನಾಚಿಕೆಯೋ. "ಅಷ್ಟೊತ್ತು ನೀವು... ಹಿಂದೆ ನಿಂತಿರ್ತಿದ್ರಿ. ದಿನದಲ್ಲಿ ನಂಗೆ ಅಂತ ಇದ್ದದ್ದು ಅದೊಂದೇ ಕಣ್ರೀ."

ಅವಳಿಗೆ ಸಿಟ್ಟು, ಅಳು, ಪ್ರೀತಿ ಎಲ್ಲ ಒಟ್ಟಿಗೇ ಉಕ್ಕಿ ಬಂತು. "ಅಷ್ಟಕ್ಕೆ ಪ್ರಾಣ ಕೊಡ್ತಾರೇನ್ರೀ ಯಾರಾದ್ರೂ? ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀವ್ ಹೇಳಿದ್ರಾ?"

"ಈಗ ಹೇಳ್ತೀನಿ. ನಂಗೆ ನೀವು ಬೇಕು. ಮಾತು ಸಾಕು, ಉಸಿರಾಡಿ."

ಕೈಗವಸಿನೊಳಗಿನ ಕೈಯನ್ನು ಅವನ ಬಿಸಿ ಅಂಗೈಯಲ್ಲಿಟ್ಟಳು. ಉಸಿರು ಸರಾಗವಾಗಲೆಂದು ಮೆತ್ತಗೆ ಅವನನ್ನು ಬೋರಲು ತಿರುಗಿಸಿ, ಬೆನ್ನು ನೀವುತ್ತಾ ಉಸಿರು ಎಣಿಸಿದಳು. ಮಚ್ಚೆ ಅಲ್ಲೇ ಇತ್ತು. ಬೆರಳಿಗೆ ಕಚ್ಚಿದ್ದ ಆಕ್ಸಿಮೀಟರಿನ ಅಂಕಿ ಮೇಲೇರಲು ಒದ್ದಾಡಿತು, ಜಾರಿತು, ಮತ್ತೆ ಏರಿತು. ಹೊತ್ತು ಮುಳುಗುವಾಗ ಡಾಕ್ಟರು ಬಂದು ನೋಡಿ, ಅಂಬುಲೆನ್ಸ್ ಸದ್ಯಕ್ಕೆ ಬೇಡ ಎಂದರು. ಕಿಟಕಿಯಾಚೆ ನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಅಪ್ಪನ ಫೋನು ಮತ್ತೆ ಬಂತು. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದಳು. "ಆ ಹುಡುಗನ ಜ್ವರ ಬಿಟ್ಟಿತಾ?" ಎಂದರು ಅಪ್ಪ.

ಸಂಜಯ ಡ್ಯೂಟಿಗೆ ಮರಳಿದಾಗ ಇಳಿದುಹೋಗಿದ್ದ. ಗೌನು ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು. ಹೊರಗೆ ಜನ ಆಗಲೇ ಬಾಗಿಲು ಬಡಿಯುತ್ತಿದ್ದರು. ಅವನು ಬಂದ, ಮಾತಿಲ್ಲದೆ ಬೆನ್ನು ತಿರುಗಿಸಿ ನಿಂತ.

ಗೌತಮಿ ಜಾರುಗಂಟು ಹಾಕಿದಳು. ಎಳೆದು ನೋಡಿದಳು, ಬಿಚ್ಚಿಕೊಂಡಿತು. ಮತ್ತೆ ಹಾಕಿ, ಮತ್ತೆ ಎಳೆದು ನೋಡಿ, ಕೊನೆಗೆ ಕಟ್ಟಿದಳು.

"ಇಷ್ಟ್ ಬೇಗ ಬಿಚ್ಕೊಂಡ್ರೆ ನಂಗೆ ನಷ್ಟ ಕಣ್ರೀ" ಎಂದ ಅವನು ಗೋಡೆಗೆ.

ಅವಳು ಆ ಮಚ್ಚೆಯ ಮೇಲೆ ಬೆರಳಿಟ್ಟಳು. ಈ ಸಲ ಅಪ್ಪಿತಪ್ಪಿ ಅಲ್ಲ.

"ಬಿಚ್ಚಿದ ಮೇಲೂ ನಿಂತಿರ್ತೀನಿ" ಎಂದಳು.