ಕೋಲಿನ ತುದಿಯ ಕೆಂಪು ಮಣ್ಣು

ಅಂಚೆಯಾಕೆ ಎರಡನೇ ಸಲ ಬಿದ್ದದ್ದು ಗುರುವಾರ ಮಧ್ಯಾಹ್ನ, ತನ್ನದೇ ಮನೆಯ ಮೆಟ್ಟಿಲ ಮೇಲೆ. ಮಾರನೆಯ ಬೆಳಗ್ಗೆ ಫಿಸಿಯೋಥೆರಪಿಸ್ಟ್ ಬಂದಾಗ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಎಡಗಾಲಿನ ಹರಡು ಮತ್ತೆ ಕುಂಬಳಕಾಯಿಯಂತೆ ಊದಿತ್ತು.

ಹನ್ನೊಂದು ವಾರದ ಹಿಂದೆ, ಯಾರದೋ ಮನೆಗೆ ಕಾಗದ ಕೊಟ್ಟು ಇಳಿಯುವಾಗ ಜಾರಿ ಅದೇ ಹರಡಿನ ಮೂಳೆ ಮುರಿದುಕೊಂಡಿದ್ದಳು. ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊರನ್ನೆಲ್ಲ ಕಾಲಲ್ಲೇ ಅಳೆಯುತ್ತಿದ್ದವಳಿಗೆ ಈಗ ಲೋಕವೆಂದರೆ ಒಂದು ಮಂಚ, ಒಂದು ಬಚ್ಚಲು, ಪಕ್ಕದ ಕಟ್ಟಡದ ಬೆನ್ನು ಕಾಣಿಸುವ ಒಂದು ಕಿಟಕಿ. ಬೋನಿಗೆ ಬಿದ್ದ ಇಲಿಯೂ ಇಷ್ಟು ದಿನ ಬದುಕಿರಲಾರದು ಅನ್ನಿಸುತ್ತಿತ್ತು ಅವಳಿಗೆ.

ಲಾರಿ ಓಡಿಸುವ ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ. ಮಂಗಳವಾರ ಹೊರಟವನು ಗುರುವಾರ ಸಂಜೆ, ಹೆಂಡತಿ ಬಿದ್ದ ಮೇಲೆ ಮನೆ ಸೇರಿದ್ದ.

"ನೀವು ಅವಸರ ಮಾಡಿಸಿದ್ದಕ್ಕೇ ಹೀಗಾಯ್ತು," ಅಂದ. "ಇನ್ನು ಬರೋದು ಬೇಡ. ಅವಳು ಆಫೀಸಲ್ಲಿ ಕೂತು ಕಾಗದ ವಿಂಗಡಿಸ್ಲಿ. ನಾನು ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ," ಅಂದಳು ಫಿಸಿಯೋ, ಚಪ್ಪಲಿ ಬಿಡುತ್ತ. "ಕಾಲು ನೋಡ್ತೀನಿ. ತಪ್ಪು ನಂದೇ ಆದ್ರೆ ನಾನೇ ಹೋಗ್ತೀನಿ."

ಕ್ಲಿನಿಕ್ಕಿನವರು ಇವಳಿಗೆ ಪತ್ತೇದಾರಮ್ಮ ಎಂದು ಅಡ್ಡಹೆಸರಿಟ್ಟಿದ್ದರು. ರೋಗಿ ಯಾರೇ ಬೀಳಲಿ, ಯಾಕೆ ಬಿದ್ದರು ಎಂದು ಗೊತ್ತಾಗುವವರೆಗೆ ಇವಳಿಗೆ ಊಟ ರುಚಿಸುತ್ತಿರಲಿಲ್ಲ. ಮೊದಲು ಹರಡನ್ನು ಒತ್ತಿ, ತಿರುಗಿಸಿ ನೋಡಿದಳು. ಮೂಳೆಗೆ ಏನೂ ಆಗಿರಲಿಲ್ಲ, ಉಳುಕಿತ್ತು ಅಷ್ಟೇ. ಕಾಲಿಗೆ ತೊಡಿಸುವ ಪಟ್ಟಿ, ಅದನ್ನು ಮಾಡಿಕೊಟ್ಟವನು ಹೊಲಿದಂತೆಯೇ, ಬಿಗಿಯಾಗಿತ್ತು. ಆಮೇಲೆ ಮಂಚದ ತಲೆಗಡೆ ಒರಗಿಸಿದ್ದ ಊರುಗೋಲನ್ನು ತಲೆಕೆಳಗು ಮಾಡಿದಳು. ತುದಿಯ ರಬ್ಬರು ಬೋಳು ತಲೆಯಂತೆ ನುಣ್ಣಗಾಗಿತ್ತು. ಅದರ ಮಧ್ಯದ ಕುಳಿಯಲ್ಲಿ ಚೂರು ಕೆಂಪು ಮಣ್ಣು.

ಅವಳು ಆ ಮಣ್ಣನ್ನು ಉಗುರಿನಿಂದ ಕೆದಕಿ ನೋಡಿದಳು.

"ಬಿದ್ದದ್ದು ಹೇಗೆ, ಹೇಳಿ."

"ನೀವು ಹೇಳಿದ ಮೆಟ್ಟಿಲಿನ ಅಭ್ಯಾಸ ಮಾಡ್ತಿದ್ದೆ, ಅಕ್ಕ ಜೊತೇಲಿದ್ಲು. ಮೂರನೇ ಮೆಟ್ಟಿಲಲ್ಲಿ ಕೋಲು ಜಾರ್ತು," ಅಂದಳು ಅಂಚೆಯಾಕೆ. "ದಿನಾ ಹಿಂದೆ ಬರ್ತಿದ್ಲು. ನಿನ್ನೆ ಪುಣ್ಯಕ್ಕೆ ಮುಂದಿದ್ಲು, ಎರಡು ಮೆಟ್ಟಿಲು ಕೆಳಗೆ. ಹಿಡಿಯೋಕೆ ಹೋಗಿ ಅವಳ ಮಣಿಕಟ್ಟೂ ಉಳುಕ್ತು."

ಅಕ್ಕ ಬಾಗಿಲ ಬಳಿ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ಗಂಡ ಸತ್ತ ಮೇಲೆ ಮೈದುನನ ಮನೆಯಲ್ಲಿದ್ದವಳು, ತಂಗಿಯ ಆರೈಕೆಗೆಂದು ಬಂದು ಎರಡೂವರೆ ತಿಂಗಳಾಗಿತ್ತು. ತಂಗಿಗೆ ತಲೆ ಬಾಚುವುದರಿಂದ, ಎದುರುಮನೆಯದೂ ಸೇರಿಸಿ ಕಸ ಇಳಿಸುವವರೆಗೆ ಎಲ್ಲ ಅವಳದೇ.

ಫಿಸಿಯೋ ಎದುರುಮನೆಯ ಮೇಷ್ಟ್ರ ಬಾಗಿಲು ತಟ್ಟಿದಳು. ಅವರ ಮೊಣಕಾಲಿಗೂ ಅವಳದೇ ಚಿಕಿತ್ಸೆ, ಅವರಿಗೂ ಅದೇ ಅಂಗಡಿಯ ಕೋಲು ಕೊಡಿಸಿದ್ದಳು. ಹೊರಗಿನಿಂದ ಅವರ ಮಾತು ಕೇಳಿಸಿತು: "ಹೊಸ ರಬ್ಬರು ಬುಧವಾರ ಹಾಕಿಸ್ದೆ. ಹಳೇದಾ? ಇಲ್ಲೇ ಬಾಗಿಲ ಹೊರಗಿನ ಕಸದ ಬುಟ್ಟಿಗೆ ಎಸೆದೆ. ಯಾಕಮ್ಮ?"

ಅರ್ಧ ಗಂಟೆಯಲ್ಲಿ ಎಲ್ಲರೂ ಅಂಚೆಯಾಕೆಯ ಮಂಚದ ಸುತ್ತ ಸೇರಿದರು. ಏಳಲಾರದವಳು ಅವಳೊಬ್ಬಳೇ. ಎದ್ದು ಹೋಗಬೇಕೆಂದು ತೀವ್ರವಾಗಿ ಅನ್ನಿಸಿದ್ದೂ ಅವಳೊಬ್ಬಳಿಗೇ.

"ಸೋಮವಾರ ನಾನೇ ಈ ಕೋಲು ಪರೀಕ್ಷೆ ಮಾಡಿದ್ದೆ," ಎಂದು ಫಿಸಿಯೋ ಶುರು ಮಾಡಿದಳು. "ರಬ್ಬರು ಹೊಸದಿತ್ತು, ಗೆರೆ ಎದ್ದು ಕಾಣ್ತಿತ್ತು. ಮನೆಯೊಳಗೆ ನಾಲ್ಕು ಹೆಜ್ಜೆ, ಬಾಗಿಲಾಚೆ ನಾಲ್ಕು ಮೆಟ್ಟಿಲು ಇಡೋರ ಕೋಲು ಮೂರೇ ದಿನಕ್ಕೆ ಇಷ್ಟು ಸವೆಯಲ್ಲ. ಅಂದ್ರೆ ಇದು ಬೇರೆ ಕೋಲಿನ ರಬ್ಬರು. ಇದರಲ್ಲಿ ಕೆಂಪು ಮಣ್ಣಿದೆ. ಇವರು ಹನ್ನೊಂದು ವಾರದಿಂದ ಕೆಳಗಿನ ಮಣ್ಣು ಮುಟ್ಟಿಲ್ಲ. ಉದ್ಯಾನದ ಕೆಂಪು ದಾರೀಲಿ ದಿನಾ ನಡೆಯೋರು ಮೇಷ್ಟ್ರು."

"ನಾನ್ಯಾಕೆ ಈ ಹುಡುಗಿ ಕೋಲಿಗೆ ಕೈ ಹಾಕ್ಲಿ?" ಅಂದರು ಮೇಷ್ಟ್ರು.

"ನೀವಲ್ಲ. ಕೋಲು ಇರೋದು ಮಂಚದ ತಲೆಗಡೆ, ನೀವು ಈ ಕೋಣೆಗೆ ಬಂದದ್ದೇ ಇವತ್ತು. ನೀವು ಬುಧವಾರ ಎಸೆದದ್ದು ಗುರುವಾರ ಮಧ್ಯಾಹ್ನದೊಳಗೆ ಇಲ್ಲಿಗೆ ಬಂದಿದೆ. ಯಜಮಾನರು ಆಗ ಊರಲ್ಲೇ ಇರ್ಲಿಲ್ಲ. ಎರಡೂ ಮನೆ ಬುಟ್ಟಿ ಕೆಳಗೆ ಒಯ್ಯೋರು ಒಬ್ಬರೇ." ಫಿಸಿಯೋಳ ದನಿ ಇಳಿಯಿತು. "ದಿನಾ ಹಿಂದೆ ನಡೆಯೋರು ನಿನ್ನೆ ಒಂದೇ ದಿನ ಮುಂದೆ ಇಳಿದ್ರು. ಕೋಲು ಜಾರುತ್ತೆ ಅಂತ ಮೊದಲೇ ಗೊತ್ತಿದ್ದೋರು ಮಾತ್ರ ಹಿಡಿಯೋಕೆ ಕೆಳಗೆ ನಿಲ್ತಾರೆ."

ಯಾರೂ ಅಕ್ಕನ ಕಡೆ ನೋಡಲಿಲ್ಲ. ಅವಳೇ ಸೆರಗಿನ ಗಂಟು ಬಿಚ್ಚಿ ಹೊಸ ರಬ್ಬರನ್ನು ಮಂಚದ ಮೇಲಿಟ್ಟಳು.

"ಬಿಸಾಡೋಕೆ ಮನಸ್ಸು ಬರ್ಲಿಲ್ಲ," ಅಂದಳು. "ಒಂದು ಸಲ ಜಾರಿದ್ರೆ ಹೆದರಿ ಇನ್ನೊಂದು ತಿಂಗಳು ಕೂರ್ತಾಳೆ ಅಂದ್ಕೊಂಡೆ. ಹಿಡ್ಕೋತೀನಿ ಅಂದ್ಕೊಂಡೆ. ಕೈ ತಪ್ತು."

"ನಾನು ಕೂತ್ರೆ ನಿಂಗೇನಕ್ಕ?"

"ನೀನು ಎದ್ದು ನಡೆದ್ರೆ ನಾನು ಎಲ್ಲಿಗೆ ಹೋಗ್ಲಿ? ಮೈದುನನ ಮನೇಲಿ ನನ್ನ ತಟ್ಟೆ ಕೂಡ ಬೇರೆ ಇಟ್ಟಿದ್ರು. ಇಲ್ಲಿ ಬೆಳಗಾದ್ರೆ ಯಾರೋ ಒಬ್ಬರು ಅಕ್ಕಾ ಅಂತ ಕರೀತಿದ್ರು."

"ಇರ್ತೀನಿ ಅಂತ ಬಾಯಿ ಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನಾ?" ಅಂದಳು ತಂಗಿ.

"ಕೇಳಿ ಉಳ್ಕೊಂಡ ಮನೇಲಿ ಇದ್ದು ಬಂದೋಳು ನಾನು," ಅಂದಳು ಅಕ್ಕ. "ಇನ್ನೊಂದು ಸಲ ಕೇಳೋಕೆ ಆಗ್ಲಿಲ್ಲ."

ಅಂಚೆಯಾಕೆಗೆ ಸಿಟ್ಟು ಬಂತು, ಅಳು ಬಂತು. "ಇವತ್ತು ನಿನ್ನ ಮುಖ ನೋಡೋಕಾಗಲ್ಲ, ಹೋಗು," ಅಂದಳು. ಅಕ್ಕ ಚೀಲ ತುಂಬಿಕೊಂಡು ಹೊರಟಳು. ಮೆಟ್ಟಿಲಿಳಿಯುವ ಸದ್ದು ನಾಲ್ಕೂ ಮಹಡಿ ಕೇಳಿಸಿತು. ಎರಡನೇ ಮಹಡಿಯ ಹೊತ್ತಿಗೆ ತಂಗಿಗೆ ಕೂಗಿ ಕರೆಯಬೇಕೆನಿಸಿತು, ಓಡಿ ಹೋಗಿ ತಡೆಯಬೇಕೆನಿಸಿತು. ಹೋಗಲು ಕಾಲಿರಲಿಲ್ಲ.

ಗಂಡ ಫಿಸಿಯೋಳಿಗೆ ನೀರು ತಂದುಕೊಟ್ಟ. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಅಂದ.

"ಊತ ಇಳಿದ ಮೇಲೆ ಮೊದಲಿಂದ ಶುರು ಮಾಡೋಣ," ಅಂದಳು ಅವಳು.

ಶುರು ಮಾಡಿದರು. ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಐದು ಮೆಟ್ಟಿಲು, ಹತ್ತು ಮೆಟ್ಟಿಲು. ಅಕ್ಕ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತ, ಅದರ ಹಿಂದಿನ ಕೋಣೆಯಲ್ಲೇ ಇದ್ದಾಳೆ ಎಂದು ಗಂಡ ವಿಚಾರಿಸಿಕೊಂಡು ಬಂದ. ಅಂಚೆಯಾಕೆ ಆ ಬೀದಿ ಯಾವುದೆಂದು ಮಾತ್ರ ಕೇಳಿದಳು.

ಏಳನೇ ವಾರ ಅವಳು ಒಬ್ಬಳೇ ಕೆಳಗಿಳಿದಳು. ಮೊದಲು ಅಂಚೆ ಕಚೇರಿಗೆ ಹೋಗಬಹುದೆಂದು ಗಂಡ ಎಣಿಸಿದ್ದ. ಅವಳು ನಿಂತು ನಿಂತು ನಡೆದು ಲಾಂಡ್ರಿಯ ಹಿಂಬಾಗಿಲು ತಟ್ಟಿದಳು. ಅಕ್ಕ ಬಾಗಿಲು ತೆರೆದು ತಂಗಿಯ ಕಾಲನ್ನೇ ನೋಡಿದಳು.

"ನೋಯ್ತಿದೆ," ಅಂದಳು ಅಂಚೆಯಾಕೆ. "ಕೂರೋಕೆ ಏನಾದ್ರೂ ಕೊಡು."