ಪೋತ್ನಾಳದಲ್ಲಿ ಕಾಯುತ್ತಿದ್ದ ಉಡಿ

ಸುಮನಾ ಟೀಚರ್ ತೀರಿಕೊಂಡ ಸುದ್ದಿ ಪೋತ್ನಾಳಕ್ಕೆ ಬಂದದ್ದು ಹುಣ್ಣಿಮೆಯ ಬೆಳಿಗ್ಗೆ. ತಂದವನು ಅಂಬರೇಶ.

ಅವನ ಜೀಪು ಬಾಗಿಲಿಗೆ ನಿಂತಾಗ ನಾಗವೇಣಿ ಹೊರಗೆ ಬಂದಳು. ಆರು ತಿಂಗಳಾಗಿತ್ತು ಆ ಮುಖ ಕಂಡು!

"ಯಾಕ ಬಂದ್ರಿ?"

"ಟೀಚರ್... ಹೋಗಿಬಿಟ್ರು. ಶ್ರೀಲಂಕಾದಿಂದ ಅವರ ಮಗಳು ಫೋನ್ ಮಾಡಿದ್ಳು."

ನಾಗವೇಣಿಯ ತಾಯಿ ಗೋಪಮ್ಮ ಹೊಸ್ತಿಲಲ್ಲೇ ಕುಸಿದಳು. "ಯವ್ವಾ... ಬರಿ ಉಡಿಲೆ ಕಳಿಸಿದ್ನಲ್ಲೋ ಆಕೀನ!"

ಆರು ತಿಂಗಳ ಹಿಂದೆ ಶ್ರೀಲಂಕಾದಿಂದ ಅಶೋಕನ ಶಾಸನ ನೋಡಲು ಬಂದಿದ್ದ ಸುಮನಾ ಟೀಚರಿಗೆ ರಾಯಚೂರಿನ ವೇದಿಕೆಯಲ್ಲಿ ಶಾಲು, ಹಾರ, ಫೋಟೊ ಎಲ್ಲವೂ ಆಗಿತ್ತು. ಅವರು ಉಳಿದದ್ದು ಮಾತ್ರ ಬುದ್ಧನ ಪಟವಿದ್ದ ಈ ಎರಡು ಕೋಣೆಯ ಮನೆಯಲ್ಲಿ. ಎಂಟು ದಿನ ಗೋಪಮ್ಮನ ಪಕ್ಕ ಕುಳಿತು ರೊಟ್ಟಿ ಬಡಿದರು. ಮಾನ್ವಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾಗವೇಣಿ ಇಬ್ಬರ ನಡುವೆ ಮಾತು ದಾಟಿಸಿದಳು. ಅತಿಥಿಯನ್ನು ಊರೂರು ತಿರುಗಾಡಿಸುತ್ತಿದ್ದ ದೇವದುರ್ಗದ ಅಂಬರೇಶನಿಗೆ ಅಷ್ಟರಲ್ಲೇ ಮನಸ್ಸನ್ನೂ ಕೊಟ್ಟಳು.

ಒಂಬತ್ತನೆಯ ದಿನ ಗೋಪಮ್ಮ ಉಡಿ ತುಂಬಲು ಮೊರದಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಖಣ ಹಿಡಿದು ಬರುವಷ್ಟರಲ್ಲಿ, ಅಂಬರೇಶ ಟೀಚರನ್ನು ಜೀಪಿಗೆ ಹತ್ತಿಸಿ ಹೊರಟೇಬಿಟ್ಟಿದ್ದ!

"ನಮ್ಮ ಕೇರಿಯ ಉಡಿ ಅಂತ ನಾಚಿಕಿ ಬಂತಲ್ಲ ನಿಮಗ?" ನಾಗವೇಣಿ ಈಗ ಕೇಳಿಯೇಬಿಟ್ಟಳು.

"ಹಂಗ ತಿಳಕೊಂಡಿರಿ ಅಂತ ಗೊತ್ತಿತ್ತು. ಆದ್ರ ಟೀಚರ್ ಆಣಿ ಹಾಕಿದ್ರು. ಅವತ್ತು ಅವರಿಗೆ ಎದಿನೋವು ಬಂದಿತ್ತು. 'ತನ್ನ ಊಟದಿಂದಲೇ ಹಿಂಗಾತು ಅಂತ ಗೋಪಮ್ಮ ಕೊರಗ್ತಾಳ, ಹೇಳಬ್ಯಾಡ' ಅಂದ್ರು. ಐದು ದಿನ ರಾಯಚೂರ ದವಾಖಾನಿಯಾಗಿದ್ರು. ಹಾರ ಹಾಕಿದೋರು ಒಬ್ರೂ ಬರ್ಲಿಲ್ಲ."

"ಮತ್ತ ಹತ್ರ ಯಾರಿದ್ರು?"

"ನಮ್ಮವ್ವ. ನಾ ಹೊರಗ ಬೆಂಚಿನ ಮ್ಯಾಲೆ ಮಲಕೊಂತಿದ್ದೆ." ಅವನು ತಲೆ ತಗ್ಗಿಸಿದ. "ಊರಿಗೆ ಹೊಂಟಾಗ ಅವ್ವ ಉಡಿ ತುಂಬಾಕ ಹೋದ್ಲು. ಟೀಚರ್ ಒಲ್ಲೆ ಅಂದ್ರು. 'ನನ್ನ ಉಡಿ ಪೋತ್ನಾಳದಾಗ ಕಾಯಾಕತ್ತದ' ಅಂದ್ರು."

'ಆರು ತಿಂಗಳು ಇವರ ಫೋನ್ ತೆಗೀಲಿಲ್ಲ ನಾನು... ಛೇ!' ನಾಗವೇಣಿಯ ಕಣ್ಣು ತುಂಬಿ ಬಂತು.

"ಮುಂದಿನ ತಿಂಗಳು ಮಗಳು ಬರ್ತಾಳಂತ. 'ಅಮ್ಮನ ಉಡಿ ನನಗ ಕೊಡ್ತಾರೇನು?' ಅಂತ ಕೇಳ್ಯಾಳ."

ಗೋಪಮ್ಮ ಕಣ್ಣೊರೆಸಿಕೊಂಡು ಎದ್ದಳು. ಟ್ರಂಕಿನಿಂದ ಖಣ ತೆಗೆದು ಕೊಡವಿದಳು. "ಖಣ ಹಂಗೇ ಅದ. ಅಕ್ಕಿ ಹೊಸಾದು ಹಾಕ್ತೀನಿ. ಬರ್ಲಿ ಆಕಿ! ಈ ಸಲ ಜೀಪಿಗೆ ನಾನಽ ಅಡ್ಡ ನಿಲ್ತೀನಿ."

ಅಳುತ್ತಲೇ ನಾಗವೇಣಿ ನಕ್ಕಳು. "ಆಕೀನ ಕರಕೊಂಡು ಬರೋರು ಯಾರು?"

"ನಾನಽ."

"ಹಾರ್ನ್ ಹೊಡದು ಹೊರಗ ನಿಲ್ಲಬ್ಯಾಡ್ರಿ. ನಿಮ್ಮವ್ವನ್ನ ಕರಕೊಂಡು ಒಳಗ ಬರ್ರಿ... ನನ್ನ ಕೇಳಾಕ."

"ನಮ್ಮ ಮಂದಿ, ನಿಮ್ಮ ಮಂದಿ ಒಲ್ಲೆ ಅಂದ್ರ?"

"ನಾ ಹ್ಞೂಂ ಅಂದೀನಿ. ಇನ್ನ ಹಿಂದ ಸರಿಯಂಗಿಲ್ಲ. ನೀವು?"

"ನಾನೂ ಸರಿಯಂಗಿಲ್ಲ, ನಾಗವೇಣಿ."

"ಎಲ್ಲಾ ಕೇಳಸಾಕತ್ತದ ನನಗ!" ಗೋಪಮ್ಮ ಒಳಗಿನಿಂದ ಗದರಿದಳು. "ಮೊದಲು ದೀಪ ಹಚ್ಚು ಬಾ."

ಮೂವರೂ ಬುದ್ಧನ ಪಟದ ಮುಂದೆ ನಿಂತರು. ಗೋಪಮ್ಮ ಖಣವನ್ನು ದೀಪದ ಬಳಿ ಇಟ್ಟು ಕೈಮುಗಿದಳು.

"ಯಪ್ಪಾ... ಸಮುದ್ರ ದಾಟಿ ಬಂದ ಜೀವ, ನಮ್ಮ ಒಲಿ ಮುಂದ ಕುಂತು ಉಂಡು ಹೋತು. ಅದಕ್ಕ ಇನ್ನ ನೋವು ಬ್ಯಾಡ, ದಣಿವು ಬ್ಯಾಡ. ಶಾಂತಿ ಕೊಡು."